ತೂತಿನ ಬಟ್ಟೆಯ ಕಥೆ ಮತ್ತು ಯಹೂದಿ ಧರ್ಮಶಾಸ್ತ್ರ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ನಾನಾ ದೇಶಗಳ ದಾಂಪತ್ಯ ಪದ್ಧತಿಗಳ ಕುರಿತು ಪ್ರಕಟವಾದ ಬರಹದಲ್ಲಿ, ಸಂಪ್ರದಾಯಸ್ಥ ಯಹೂದಿ ದಂಪತಿಗಳು ನಡುವೆ ತೂತುಳ್ಳ ಬಟ್ಟೆಯೊಂದನ್ನು ಅಡ್ಡ ಹಾಸಿಕೊಂಡೇ ಕೂಡುತ್ತಾರೆ, ಹೆಂಡತಿಯ ಮೈ ಗಂಡನಿಗೆ ಸೋಕಬಾರದೆಂಬುದು ಅವರ ಧರ್ಮಶಾಸ್ತ್ರದ ಕಟ್ಟಳೆ ಎಂದು ಬರೆಯಲಾಗಿದೆ. ಇದು ನಿಜವಲ್ಲ. ಅವರ ಶಾಸ್ತ್ರ ಹೇಳುವುದು ಇದಕ್ಕೆ ತೀರ ವಿರುದ್ಧವಾದ ಮಾತನ್ನು.

ನಾನು ಆರು ವರ್ಷ ಜೆರುಸಲೇಮಿನಲ್ಲಿ, ಹಾಸಿಗೆ ಹಿಡಿದಿದ್ದ ಹಿರಿಯ ಮಹಿಳೆಯೊಬ್ಬರನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದೆ. ನಮ್ಮ ಕರಾವಳಿಯಿಂದ ಇಸ್ರೇಲಿಗೆ ಹೋದ ಅನೇಕರು ಮಾಡುವ ಕೆಲಸವೇ ಅದು. ಬಹಳ ಮಡಿವಂತ ಮನೆ. ಊರಿನಿಂದ ಹೊರಡುವ ಮೊದಲೇ ಈ ಕಥೆ ನನ್ನ ಕಿವಿಗೂ ಬಿದ್ದಿತ್ತಾದ್ದರಿಂದ, ಮೊದಲ ವಾರ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುವಾಗ ಕೈಗೆ ಸಿಕ್ಕ ಒಂದು ವಸ್ತುವನ್ನು ಕಂಡು ‘ಇದೇ ಇರಬೇಕು ಅದು’ ಎಂದುಕೊಂಡದ್ದನ್ನು ಮುಚ್ಚಿಡುವುದಿಲ್ಲ. ಬಿಳಿ ಉಣ್ಣೆಯ ಉದ್ದನೆಯ ಬಟ್ಟೆ, ಅಂಚಿನ ಬಳಿ ಕಪ್ಪು ಪಟ್ಟೆಗಳು, ನಟ್ಟನಡುವೆ ಸುತ್ತಲೂ ಹೊಲಿದು ಗಟ್ಟಿ ಮಾಡಿದ ತೂತು. ಆದರೆ ನಾಲ್ಕು ಮೂಲೆಗಳಿಂದಲೂ ಎಂಟೆಂಟು ಎಳೆಗಳ, ಐದೈದು ಗಂಟುಗಳ ಕುಚ್ಚುಗಳು ಇಳಿಬಿದ್ದಿದ್ದವು. ಸಂಕೋಚದಿಂದಲೇ ಕೇಳಿದಾಗ ಆ ಅಜ್ಜಿ ಕೆಮ್ಮು ಬರುವಷ್ಟು ನಕ್ಕು, ಎಂಟು ವರ್ಷದ ಮೊಮ್ಮಗನನ್ನು ಕರೆದು, ಒದ್ದೆ ಬಟ್ಟೆಯನ್ನೇ ಅವನ ತಲೆಗೆ ತೂರಿಸಿ ತೋರಿಸಿದರು. ಅದು ತಲೀತ್ ಕತಾನ್, ಗಂಡಸರೂ ಹುಡುಗರೂ ದಿನವಿಡೀ ಮೈಮೇಲೆ ಧರಿಸುವ ವಸ್ತ್ರ. ಹಗ್ಗದ ಮೇಲೆ ಇದನ್ನು ಕಂಡ ನೆರೆಕೆರೆಯವರ ಊಹೆಯಿಂದಲೇ ಈ ಕಥೆ ಹುಟ್ಟಿರಬೇಕೆಂದು ಹಲವರು ಹೇಳುತ್ತಾರೆ. ಹಾಗೆಯೇ ಊಹಿಸಿದ್ದ ನನಗೆ ಅದನ್ನು ನಂಬುವುದು ಕಷ್ಟವಲ್ಲ.

ಇನ್ನು ಶಾಸ್ತ್ರದ ಮಾತು. ಬೈಬಲಿನ ವಿಮೋಚನಕಾಂಡದ 21ನೆಯ ಅಧ್ಯಾಯದ 10ನೆಯ ವಚನ, ಇನ್ನೊಬ್ಬಳನ್ನು ಮದುವೆಯಾದವನೂ ಮೊದಲನೆಯವಳಿಗೆ ಅನ್ನ, ಬಟ್ಟೆ ಮತ್ತು ‘ಓನಾ’ ಇವುಗಳಲ್ಲಿ ಕಡಿಮೆ ಮಾಡಕೂಡದು ಎನ್ನುತ್ತದೆ. ದಾಸಿಯಾಗಿ ಮನೆಗೆ ಬಂದ ಹೆಣ್ಣಿನ ಸಂದರ್ಭದಲ್ಲಿ ಬಂದ ಈ ಮಾತನ್ನು ಪಂಡಿತರು ಎಲ್ಲ ಹೆಂಡತಿಯರಿಗೂ ಅನ್ವಯಿಸಿ, ಓನಾ ಎಂದರೆ ದಾಂಪತ್ಯಸುಖ, ಅದು ಹೆಂಡತಿಗೆ ಸಲ್ಲಬೇಕಾದದ್ದು, ಗಂಡ ತೀರಿಸಬೇಕಾದ ಋಣ ಎಂದು ತೀರ್ಮಾನಿಸಿದರು. ಸುಮಾರು 1,800 ವರ್ಷಗಳ ಹಿಂದೆ ಸಂಕಲಿತವಾದ ಮಿಶ್ನಾ ಎಂಬ ಧರ್ಮನಿಯಮಗಳ ಸಂಗ್ರಹ ಇದಕ್ಕೆ ಕಸುಬಿನ ಪ್ರಕಾರ ಲೆಕ್ಕವನ್ನೇ ಹಾಕಿಕೊಟ್ಟಿದೆ: ದುಡಿಯುವ ಅಗತ್ಯವಿಲ್ಲದವನಿಗೆ ದಿನವೂ, ಕೂಲಿಯವನಿಗೆ ವಾರಕ್ಕೆ ಎರಡು ಸಲ, ಕತ್ತೆ ಹೊಡೆಯುವವನಿಗೆ ವಾರಕ್ಕೊಮ್ಮೆ, ಒಂಟೆ ಹೊಡೆಯುವವನಿಗೆ 30 ದಿನಕ್ಕೊಮ್ಮೆ, ನಾವಿಕನಿಗೆ ಆರು ತಿಂಗಳಿಗೊಮ್ಮೆ. ಕತ್ತೆಯವನು ಹೆಚ್ಚಿನ ಸಂಪಾದನೆಗಾಗಿ ಒಂಟೆಯ ಕಸುಬಿಗೆ ಇಳಿಯಬಯಸಿದರೆ ಏನು ಗತಿ ಎಂದೂ, ಮಿಶ್ನಾದ ಮೇಲೆ ಪಂಡಿತರು ನಡೆಸಿದ ಚರ್ಚೆಗಳ ಸಂಗ್ರಹವಾದ ತಾಲ್ಮುಡ್ ವಿಚಾರ ಮಾಡುತ್ತದೆ. ಹೆಣ್ಣಿಗೆ ಹತ್ತು ಅಳತೆ ಕಾಳಿನ ಜೊತೆಗಿನ ವಿರಹಕ್ಕಿಂತ ಒಂದು ಅಳತೆಯ ಜೊತೆಗಿನ ಸರಸವೇ ಇಷ್ಟ ಎಂಬುದು ಅಲ್ಲಿ ಬರುವ ಉತ್ತರ. ಗಂಡ ದುಡಿಯಲು ಗಲ್ಫಿಗೆ ಹೋದ ಮನೆಗಳು ತುಂಬಿರುವ ನಮ್ಮ ಜಿಲ್ಲೆಯ ಹೆಂಗಸರಿಗೆ ಈ ಮಾತಿನ ತೂಕ ಬಿಡಿಸಿ ಹೇಳಬೇಕಾಗಿಲ್ಲ.

ಬಟ್ಟೆಯ ವಿಷಯಕ್ಕೇ ಬರೋಣ. ತಾಲ್ಮುಡ್‌ನ ಕೆತುಬೋತ್ ಭಾಗದಲ್ಲಿ ರಾವ್ ಯೋಸೆಫ್ ಎಂಬ ಪಂಡಿತರು, ಉಡುಪು ತೊಟ್ಟೇ ಕೂಡುವ ಪಾರಸಿಕರ ರೀತಿ ಸಲ್ಲದು, ಮೈಗೆ ಮೈ ಸೋಕುವ ಸಾಮೀಪ್ಯ ಹೆಂಡತಿಗೆ ಸಲ್ಲಬೇಕು ಎಂಬ ಬೋಧನೆಯನ್ನು ಮುಂದಿಡುತ್ತಾರೆ. ರಾವ್ ಹೂನಾ ಇನ್ನೂ ಮುಂದೆ ಹೋಗಿ, ‘ನಾನೂ ಬಟ್ಟೆ ತೊಟ್ಟಿರಬೇಕು, ಅವಳೂ ತೊಟ್ಟಿರಬೇಕು, ಇಲ್ಲದಿದ್ದರೆ ಒಲ್ಲೆ’ ಎನ್ನುವ ಗಂಡ ಅವಳಿಗೆ ವಿಚ್ಛೇದನ ಕೊಟ್ಟು, ಕೆತುಬಾ ಎಂಬ ವಿವಾಹಪತ್ರದಲ್ಲಿ ಬರೆದುಕೊಟ್ಟ ಹಣವನ್ನೂ ಪೂರ್ತಿ ತೆರಬೇಕು ಎಂದು ವಿಧಿಸುತ್ತಾರೆ. 16ನೆಯ ಶತಮಾನದಲ್ಲಿ ಸಫೇದ್ ಪಟ್ಟಣದಲ್ಲಿದ್ದ ಯೋಸೆಫ್ ಕಾರೋ ರಚಿಸಿದ, ಇಂದಿಗೂ ಆಧಾರವಾಗಿರುವ ಶುಲ್ಹಾನ್ ಆರೂಖ್ ಎಂಬ ಧರ್ಮಸಂಹಿತೆಯಲ್ಲೂ ಈ ವಿಧಿ ಇದೆ. ತಮ್ಮ ಲೇಖಕರು ಕಟ್ಟಳೆ ಎಂದು ಬಣ್ಣಿಸಿದ್ದು ಆ ಶಾಸ್ತ್ರದಲ್ಲಿ ವಿಚ್ಛೇದನಕ್ಕೆ ಸಾಕಾಗುವ ಅಪರಾಧ.

ಹಾಗೆಂದು ಅವರಲ್ಲಿ ನಿರ್ಬಂಧಗಳೇ ಇಲ್ಲವೆಂದಲ್ಲ, ಸಾಕಷ್ಟಿವೆ. ಮುಟ್ಟಿನ ದಿನಗಳು ಮತ್ತು ಆಮೇಲಿನ ಏಳು ‘ಶುದ್ಧ’ ದಿನಗಳು ಕಳೆದು, ಹೆಂಡತಿ ಮಿಕ್ವೆ ಎಂಬ ಕೊಳದಲ್ಲಿ ಮುಳುಗಿ ಏಳುವವರೆಗೆ, ಅಂದರೆ ತಿಂಗಳಿಗೆ ಸುಮಾರು 12 ದಿನ, ದಂಪತಿಗಳು ಒಬ್ಬರನ್ನೊಬ್ಬರು ಮುಟ್ಟುವಂತಿಲ್ಲ. ಹಾಸಿಗೆ ಬೇರೆ, ಬೀಗದ ಕೈಯನ್ನೂ ಕೈಯಿಂದ ಕೈಗೆ ಕೊಡದೆ ಮೇಜಿನ ಮೇಲಿಟ್ಟು ತೆಗೆದುಕೊಳ್ಳುತ್ತಾರೆ. ಆದರೂ ಆಕೆ ಹೊರಗೆ ಕೂರುವುದಿಲ್ಲ. ಅಡುಗೆ ಮಾಡುತ್ತಾಳೆ, ಬಡಿಸುತ್ತಾಳೆ. ಗಂಡನ ಪಾತ್ರೆಗೆ ದ್ರಾಕ್ಷಾರಸ ಬೆರೆಸುವುದು, ಅವನೆದುರು ಹಾಸಿಗೆ ಹಾಸುವುದು, ಅವನ ಮುಖ ಕೈಕಾಲು ತೊಳೆಯುವುದು, ಈ ಮೂರನ್ನು ಮಾತ್ರ ತಾಲ್ಮುಡ್ ತಡೆಯುತ್ತದೆ, ಮೂರೂ ಸಲುಗೆಯನ್ನು ಹೆಚ್ಚಿಸುವಂಥವು ಎಂಬ ಕಾರಣಕ್ಕೆ. ನಮ್ಮ ಅಜ್ಜಿಯಂದಿರ ಕಾಲದ ‘ಹೊರಗಾಗುವಿಕೆ’ಯನ್ನು ಕಂಡವರಿಗೆ ವ್ಯತ್ಯಾಸ ತಿಳಿದೀತು.

ಕಠೋರ ಸಂಯಮದ ಧಾರೆಯೂ ಅವರಲ್ಲಿ ಹಳೆಯದೇ. ರಬ್ಬಿ (ಯಹೂದಿ ಧರ್ಮಗುರು) ಎಲಿಯೆಜರ್ ಅವರ ಪತ್ನಿ ಇಮ್ಮಾ ಶಾಲೋಮ್, ತಮ್ಮ ಪತಿ ನಡುರಾತ್ರಿಯಲ್ಲಿ ಮಾತ್ರ, ಅಂಗೈ ಅಗಲ ಸರಿಸಿ ಅಂಗೈ ಅಗಲ ಮುಚ್ಚುತ್ತಿದ್ದರು ಎಂದದ್ದನ್ನು ತಾಲ್ಮುಡ್ ದಾಖಲಿಸಿದೆ. ಎರಡನೆಯ ಮಹಾಯುದ್ಧದ ನಂತರ ಗೇರ್ ಎಂಬ ಹಸಿದಿ (ಕಟ್ಟಾ ಸಂಪ್ರದಾಯಸ್ಥ ಭಕ್ತಿಮಾರ್ಗದ) ಪಂಥ ತನ್ನ ಅನುಯಾಯಿಗಳಿಗೆ ಬಹಳ ಬಿಗಿಯಾದ ನಿಯಮಗಳನ್ನು ಹಾಕಿಕೊಂಡಿತು. ಆದರೆ ಅದೇ ತಾಲ್ಮುಡ್, ಗಂಡಹೆಂಡಿರಿಗೆ ಈ ಬಗೆಯ ಮಿತಿಗಳನ್ನು ವಿಧಿಸಿದ ಪಂಡಿತನೊಬ್ಬನ ಮತವನ್ನು ಉಳಿದವರು ಒಪ್ಪಲಿಲ್ಲವೆಂದೂ ಹೇಳುತ್ತದೆ. ಒಂದು ಪಂಥದ ವ್ರತ ಇಡೀ ಸಮುದಾಯದ ಶಾಸ್ತ್ರವಾಗುವುದಿಲ್ಲ.

ಆ ಶಾಸ್ತ್ರ ಹೆಣ್ಣಿಗೆ ಪೂರ್ತಿ ನ್ಯಾಯ ಮಾಡಿದೆ ಎಂದು ವಾದಿಸುವುದೂ ನನ್ನ ಉದ್ದೇಶವಲ್ಲ. ಹೆಂಡತಿಯನ್ನು ಬಲವಂತಪಡಿಸುವುದನ್ನು ತಾಲ್ಮುಡ್ ನಿಷೇಧಿಸಿದೆ, ನಿಜ. ಆದರೆ ಕೂಡಲು ನಿರಾಕರಿಸುವ ಹೆಂಡತಿಯ ಕೆತುಬಾ ಹಣದಿಂದ ವಾರಕ್ಕೆ ಏಳು ದಿನಾರ್ ಕಳೆಯಬೇಕು, ನಿರಾಕರಿಸುವ ಗಂಡ ಅದಕ್ಕೆ ವಾರಕ್ಕೆ ಮೂರು ದಿನಾರ್ ಸೇರಿಸಬೇಕು ಎಂಬುದು ಮಿಶ್ನಾದ ಲೆಕ್ಕ. ವಿಚ್ಛೇದನ ಪತ್ರ ಕೊಡುವ ಅಧಿಕಾರ ಇಂದಿಗೂ ಗಂಡನದೇ. ಇಸ್ರೇಲಿನ ಯಹೂದಿಯರ ಮದುವೆ, ವಿಚ್ಛೇದನಗಳೆಲ್ಲ 1953ರ ಕಾನೂನಿನಂತೆ ರಬ್ಬಿಗಳ ನ್ಯಾಯಾಲಯಕ್ಕೆ ಒಳಪಟ್ಟಿರುವುದರಿಂದ, ಪತ್ರ ಸಿಗದೆ ವರ್ಷಗಟ್ಟಲೆ ಕಾಯುವ ಹೆಂಗಸರಿದ್ದಾರೆ. ಟೀಕಿಸುವುದಿದ್ದರೆ ಟೀಕೆಗೆ ತಕ್ಕ ವಿಷಯ ಇದು.

ಬರಹಕ್ಕೆ ಸೂಕ್ತ ತಿದ್ದುಪಡಿಯನ್ನು ಮುಂದಿನ ಪುರವಣಿಯಲ್ಲಿ ಪ್ರಕಟಿಸಬೇಕೆಂದು ಕೋರುತ್ತೇನೆ. ಬರಹದ ಮೇಲೆ ಅಚ್ಚಾಗಿರುವ ಚಿತ್ರವನ್ನೂ ದಯವಿಟ್ಟು ಇನ್ನೊಮ್ಮೆ ನೋಡಬೇಕು. ಹಗ್ಗದ ಮೇಲೆ ಒಣಗುತ್ತಿರುವ ಆ ಬಟ್ಟೆಯ ಮೂಲೆಯಲ್ಲಿ ಕುಚ್ಚು ಕಾಣುತ್ತಿದೆ.

ಇತಿ ತಮ್ಮ ವಿಶ್ವಾಸಿ,
ಓದುಗಳೊಬ್ಬಳು, ಬಂಟ್ವಾಳ