ಹೊಟ್ಟು ಕಳಿಸುವ ಮುಂಚೆ

ಕಲಬುರಗಿ

ಪ್ರೀತಿಯ ಮಗಳಿಗೆ ದೊಡ್ಡಪ್ಪನ ಆಶೀರ್ವಾದ.

ನೀನು ಬೀದರಿನಿಂದ ಫೋನ್ ಮಾಡಿ "ದಾಲ್ ಮಿಲ್ಲಿಂದ ತೊಗರಿ ಹೊಟ್ಟು ಒಂದು ಚೀಲ ಕಳಿಸ್ರಿ ದೊಡ್ಡಪ್ಪ, ಕೊಚ್ಚಿದ ಮಾಂಸದ ಸಾಸೇಜಿಗೆ ಹಾಕಿ ನೋಡಬೇಕು" ಅಂದಾಗ ತುಂಬಾ ಖುಷಿಯಾಯಿತು. ಮಾಂಸದಲ್ಲಿ ನಾರಿನಂಶ ಇಲ್ಲವೇ ಇಲ್ಲ. ನಮ್ಮಲ್ಲಿ ನಾರು ತುಂಬಿದ ಹೊಟ್ಟು ರಾಶಿಗಟ್ಟಲೆ ದನದ ಮೇವಿಗೆ ಹೋಗುತ್ತದೆ. ಎರಡನ್ನೂ ಕೂಡಿಸುವ ನಿನ್ನ ಯೋಚನೆ ಒಳ್ಳೆಯದೇ.

ಆದರೆ ಆ ಚೀಲ ನಾನು ಕಳಿಸುವುದಿಲ್ಲ. ಮಿಲ್ಲಿನಲ್ಲಿ ತೊಗರಿಯನ್ನು ಮೊದಲು ರೋಲರಿಗೆ ಕೊಟ್ಟು ಗೀರುತ್ತಾರೆ. ಆಮೇಲೆ ಎಣ್ಣೆ ಸವರಿ ಗುಡ್ಡೆ ಹಾಕಿ ಬಿಡುತ್ತಾರೆ. ಎಣ್ಣೆ ಒಳಗೆ ಇಳಿದರೇ ಸಿಪ್ಪೆ ಸಲೀಸಾಗಿ ಬಿಡುವುದು. ಆ ಎಣ್ಣೆ ಹೊಟ್ಟಿಗೂ ಅಂಟಿಕೊಂಡಿರುತ್ತದೆ, ದಿನ ಕಳೆದಂತೆ ಕಮಟು ವಾಸನೆ ಹೊಡೆಯುತ್ತದೆ. ನೆಲದ ಧೂಳು ಬೇರೆ. ಒಂದು ಮಳೆಗಾಲ ಮೂಲೆಯ ಚೀಲ ಬಿಚ್ಚಿದಾಗ ಒಳಗೆಲ್ಲ ಹಸಿರು ಬೂಷ್ಟು, ಕೈಯಲ್ಲಿ ಹಿಡಿದರೆ ಹೆಂಟೆ ಹೆಂಟೆ. ಎಮ್ಮೆಗೂ ಹಾಕಲಿಲ್ಲ, ಗುಂಡಿ ತೋಡಿ ಹೂತೆವು. ಅಂಥದ್ದನ್ನು ಮನುಷ್ಯರ ತಟ್ಟೆಗೆ ಹೇಗೆ ಹಾಕೋದು?

ಅದಕ್ಕೇ ನಿನ್ನ ದೊಡ್ಡಮ್ಮ 5 ಕೆಜಿ ತೊಗರಿ ತೊಳೆದು, ನೆನೆಸಿ, ಮಾಳಿಗೆ ಮೇಲೆ ಒಣಗಿಸಿದಳು. ಎಣ್ಣೆ ಮುಟ್ಟಿಸದೆ ಬೀಸುಕಲ್ಲಿನಲ್ಲಿ ಒಡೆದು ಮೊರದಲ್ಲಿ ಕೇರಿದಳು. ಅರ್ಧ ಕೆಜಿ ಸಿಪ್ಪೆ ಸಿಕ್ಕಿತು. ನುಣ್ಣಗೆ ಪುಡಿ ಮಾಡಿಸಿ ಜರಡಿ ಹಿಡಿದಿದ್ದೇವೆ.

100 ಗ್ರಾಂ ಮಾಂಸಕ್ಕೆ 1 ಗ್ರಾಂನಿಂದ ಶುರು ಮಾಡು. ನಾರು ನೀರು, ಕೊಬ್ಬು ಹಿಡಿದಿಟ್ಟುಕೊಳ್ಳುತ್ತದೆ, ಬೇಯಿಸಿದಾಗ ಕುಗ್ಗುವುದು ಕಡಿಮೆ. ಜಾಸ್ತಿ ಹಾಕಿದರೆ ಬಣ್ಣ ಕಪ್ಪಾಗಿ, ಬಾಯಿಗೆ ಮರಳು ಸಿಕ್ಕಂತಾಗುತ್ತದೆ. ತೊಗರಿ ಸಿಪ್ಪೆಗೆ ಒಗರೂ ಇದೆ. ಜ್ಯೂಸ್ ಅಂಗಡಿಯ ಮೋಸಂಬಿ ಸಿಪ್ಪೆಯನ್ನೂ ಚೆನ್ನಾಗಿ ತೊಳೆದು ಒಣಗಿಸಿ ನೋಡು, ಹೊರದೇಶದಲ್ಲಿ ಕಿತ್ತಳೆ, ನಿಂಬೆ ಜಾತಿಯ ನಾರನ್ನೂ ಬಳಸುತ್ತಾರೆ.

ನಾರು ಹಾಕಿದೆ ಅಂತ ಮಾಂಸ ಕೆಡದಂತೆ ಹಾಕುವ ನೈಟ್ರೈಟ್ ಉಪ್ಪಿನ ಅಳತೆಯನ್ನು ನಿನ್ನಷ್ಟಕ್ಕೆ ನೀನೇ ಇಳಿಸಬೇಡ, ಏರಿಸಲೂಬೇಡ. ಬಾಟ್ಯುಲಿಸಂ ಎಂಬ, ಜೀವಕ್ಕೇ ಕುತ್ತಾಗಬಲ್ಲ ವಿಷಾಹಾರದ ಕಾಯಿಲೆ ತರುವ ಬ್ಯಾಕ್ಟೀರಿಯಾವನ್ನು ತಡೆಯುವುದು ಅದೇ. ನಿನಗೆ ಕಲಿಸುವ ಮೇಷ್ಟ್ರ ಎದುರೇ ತೂಗು.

ಇನ್ನೊಂದು ಮಾತು. ನಾಳೆ ಪ್ಯಾಕೆಟ್ ಮಾಡಿದರೆ ಮೇಲೆ "ಆರೋಗ್ಯಕ್ಕೆ ಒಳ್ಳೆಯದು" ಅಂತ ಬರೆಯಬೇಡ ಮಗಳೇ. ಸಾಸೇಜಿನಂಥ ಸಂಸ್ಕರಿಸಿದ ಮಾಂಸ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲೇ ಹೇಳಿದೆ. ಚಿಟಿಕೆ ಹೊಟ್ಟಿನಿಂದ ಅದು ಸುಳ್ಳಾಗುವುದಿಲ್ಲ. 50 ಗ್ರಾಂ ಸಾಸೇಜಿಗೆ ನೀನು ಸೇರಿಸುವ ನಾರು 1 ಗ್ರಾಂ ಕೂಡ ಆಗಲಿಕ್ಕಿಲ್ಲ. ನಮ್ಮ ಒಂದು ಜೋಳದ ರೊಟ್ಟಿಯಲ್ಲಿ ಅದಕ್ಕಿಂತ ಎಷ್ಟೋ ಜಾಸ್ತಿ ಇದೆ. ಎಷ್ಟು ಹಾಕಿದೀಯೋ ಅಷ್ಟನ್ನೇ ಬರಿ.

ಸಿಪ್ಪೆ ಪುಡಿಯ ಡಬ್ಬಿ ನಾಳೆ ಬೆಳಗಿನ ಬಸ್ಸಿಗೆ ಬರುತ್ತದೆ. ಒದ್ದೆ ಚಮಚ ಹಾಕಬೇಡ.

ನಿನ್ನ ದೊಡ್ಡಪ್ಪ