ಕಡಲ ತೀರದ ಪ್ರವಾಸ ದಸರೆಯವರೆಗೆ ಕಾಯಲಿ

ಮಾನ್ಯ ಸಂಪಾದಕರೇ,

2021ರ ಇದೇ ಆಗಸ್ಟ್ 20ರ ಶುಕ್ರವಾರ ವರಮಹಾಲಕ್ಷ್ಮಿ ವ್ರತ, ಅದರ ಬೆನ್ನಿಗೇ ಶನಿವಾರ ಮತ್ತು ಭಾನುವಾರ. ಸೆಪ್ಟೆಂಬರ್ 10ರಂದು ಗಣೇಶ ಚತುರ್ಥಿಯೂ ಶುಕ್ರವಾರವೇ ಬಂದಿದೆ. ಕೋವಿಡ್ ಎರಡನೇ ಅಲೆಯ ನಿರ್ಬಂಧಗಳು ಸಡಿಲಗೊಂಡ ಮೇಲೆ ಸಿಗುತ್ತಿರುವ ಈ ಸಾಲು ರಜೆಗಳಲ್ಲಿ ನಮ್ಮ ಉತ್ತರ ಕನ್ನಡದ ಗೋಕರ್ಣಕ್ಕೋ ಮುರ್ಡೇಶ್ವರಕ್ಕೋ ಕಾರವಾರಕ್ಕೋ ಬಂದು ಎರಡು ದಿನ ಕಡಲ ಮುಂದೆ ಕುಳಿತು ಹೋಗಬೇಕೆಂದು ಬೆಂಗಳೂರು, ಮೈಸೂರು, ಹುಬ್ಬಳ್ಳಿ ಕಡೆಯ ಅನೇಕರು ವಿಚಾರಿಸುತ್ತಿದ್ದಾರೆ. ನನ್ನ ಬಂಧುಗಳಲ್ಲಿಯೂ ಕೆಲವರು "ಈಗ ಬರಬಹುದೇ?" ಎಂದು ಕೇಳಿದ್ದಾರೆ. ಅವರಿಗೆ ನಾನು ಕೊಡುತ್ತಿರುವ ಉತ್ತರವನ್ನು, ಅದರ ಕಾರಣಗಳೊಂದಿಗೆ, ನಿಮ್ಮ ಓದುಗರ ಮುಂದೆಯೂ ಇಡಬೇಕೆನಿಸಿದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ. ಖಂಡಿತ ಬನ್ನಿ, ಆದರೆ ಈಗ ಬೇಡ, ದಸರೆ ಕಳೆದ ಮೇಲೆ ಬನ್ನಿ ಎಂಬುದೇ ಆ ಉತ್ತರ.

ಪ್ರವಾಸ ಹೊರಡಬೇಕೆಂಬ ಆಸೆಯನ್ನು ಮೋಜು, ಬೇಜವಾಬ್ದಾರಿ ಎಂದು ಜರೆಯುವುದು ನನ್ನ ಉದ್ದೇಶವಲ್ಲ. ಕಳೆದ ವರ್ಷದ ಮಾರ್ಚಿನಿಂದ ಶಾಲೆಯ ಮುಖವನ್ನೇ ಸರಿಯಾಗಿ ಕಾಣದ ಮಕ್ಕಳು, ಎರಡು ಕೋಣೆಯ ಮನೆಯಲ್ಲೇ ಕಚೇರಿ ಕೆಲಸವನ್ನೂ ರೋಗಿಗಳ ಆರೈಕೆಯನ್ನೂ ನಿಭಾಯಿಸಿದ ಹೆಣ್ಣುಮಕ್ಕಳು, ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಮನೆಯವರನ್ನು ಕಳೆದುಕೊಂಡು ನೆಟ್ಟಗೆ ಅಂತ್ಯಕ್ರಿಯೆಯನ್ನೂ ಮಾಡಲಾಗದೆ ಉಳಿದವರು, ಹಗಲಿರುಳು ವಾರ್ಡುಗಳಲ್ಲಿ ದುಡಿದ ವೈದ್ಯರು ಮತ್ತು ಶುಶ್ರೂಷಕಿಯರು, ಇವರಿಗೆಲ್ಲ ಒಂದಷ್ಟು ತೆರೆದ ಆಕಾಶ ಬೇಕಾಗಿದೆ. ಮೇ 5ರಂದು ರಾಜ್ಯದಲ್ಲಿ ಒಂದೇ ದಿನ 50,000ಕ್ಕೂ ಹೆಚ್ಚು ಹೊಸ ಪ್ರಕರಣಗಳು ವರದಿಯಾದದ್ದನ್ನು, ಅದಕ್ಕೂ ಮೂರು ದಿನ ಮೊದಲು ಚಾಮರಾಜನಗರದಲ್ಲಿ ಆಮ್ಲಜನಕದ ಕೊರತೆಯಿಂದ ಸಂಭವಿಸಿದ ಸಾವುಗಳನ್ನು ಕಂಡವರ ಮನಸ್ಸು ದಣಿದಿರುವುದು ಸಹಜ. ಆದ್ದರಿಂದ ಪ್ರವಾಸ ಬೇಕೋ ಬೇಡವೋ ಎನ್ನುವುದಕ್ಕಿಂತ ಯಾವಾಗ, ಯಾವ ರೀತಿಯಲ್ಲಿ ಎನ್ನುವುದನ್ನು ಯೋಚಿಸುವುದು ಮೇಲೆಂದು ನನಗೆ ತೋರುತ್ತದೆ.

ಕಡಲ ತೀರದ ಪ್ರವಾಸವನ್ನು ಸಮರ್ಥಿಸುವವರು ಮುಂದಿಡುವ ಮುಖ್ಯ ವಾದ ಬಯಲು ಗಾಳಿಯದು, ಮತ್ತು ಆ ವಾದದಲ್ಲಿ ಸತ್ಯವಿದೆ. ಈ ಸೋಂಕು ಹೆಚ್ಚಾಗಿ ಹರಡುವುದು ಗಾಳಿಯಾಡದ ಒಳಾವರಣದಲ್ಲಿ, ಒಬ್ಬರ ಉಸಿರನ್ನು ಇನ್ನೊಬ್ಬರು ಗಂಟೆಗಟ್ಟಲೆ ಎಳೆದುಕೊಳ್ಳುವ ಜಾಗಗಳಲ್ಲಿ. ಜನವರಿ ಅಥವಾ ಫೆಬ್ರುವರಿಯ ಒಂದು ದಿನ ಗೋಕರ್ಣದ ಓಂ ಬೀಚಿನ ಮರಳಿನಲ್ಲಿ ತಮ್ಮ ಪಾಡಿಗೆ ಕುಳಿತ ಒಂದು ಕುಟುಂಬ, ಬೆಂಗಳೂರಿನ ಮಾಲಿನಲ್ಲಿ ಅದೇ ಹೊತ್ತು ಕಳೆಯುವ ಕುಟುಂಬಕ್ಕಿಂತ ಹೆಚ್ಚು ಸುರಕ್ಷಿತವಾಗಿರುತ್ತದೆ ಎನ್ನುವುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಈಗಿರುವುದು ಆಗಸ್ಟ್. ಘಟ್ಟದ ಮೇಲಿನವರು ಕಡಲೆಂದರೆ ಕಣ್ಣಮುಂದೆ ತಂದುಕೊಳ್ಳುವ ಬಿಸಿಲು, ಮರಳು, ನೀಲಿ ನೀರು ಈ ತಿಂಗಳಲ್ಲಿ ಇಲ್ಲಿಲ್ಲ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಮೀನುಗಾರಿಕೆ ನಿಷೇಧ ಮುಗಿದಿದ್ದರೂ, ಕಡಲು ಇನ್ನೂ ಪೂರ್ತಿ ತಣಿದಿಲ್ಲ. ಇಲ್ಲಿನ ಮೀನುಗಾರರು ಕಡಲಿಗೆ ತೆಂಗಿನಕಾಯಿ ಅರ್ಪಿಸಿ ಪೂಜೆ ಸಲ್ಲಿಸುವ ನೂಲ ಹುಣ್ಣಿಮೆಯೇ ಈ ಬಾರಿ ಆಗಸ್ಟ್ 22ಕ್ಕೆ, ಅಂದರೆ ಆ ಸಾಲು ರಜೆಯ ಕೊನೆಯ ದಿನಕ್ಕೆ ಬಂದಿದೆ. ಮಳೆಗಾಲದ ಕಡಲಿಗೆ ಇಳಿಯಬೇಡಿ ಎಂದು ಜೀವರಕ್ಷಕ ಸಿಬ್ಬಂದಿ ಸೀಟಿ ಊದಿ ಊದಿ ಸಾಕಾಗುತ್ತಾರೆ. ಆದರೂ ಪ್ರತಿ ವರ್ಷ ನೀರುಪಾಲಾಗುವ ಯುವಕರ ಸುದ್ದಿ ತಪ್ಪುವುದಿಲ್ಲ.

ಹೀಗಿರುವಾಗ ಈ ತಿಂಗಳಲ್ಲಿ ಬಂದ ಪ್ರವಾಸಿ ನಿಜವಾಗಿ ಎಲ್ಲಿರುತ್ತಾನೆ? ಹೊರಗೆ ಮಳೆ ಹೊಯ್ಯುತ್ತಿದ್ದರೆ ಅವನು ಕಿಟಕಿ ಮುಚ್ಚಿದ ಕೋಣೆಯಲ್ಲಿ, ಊಟದ ಹೊತ್ತಿಗೆ ಜನ ತುಂಬಿದ ಉಪಾಹಾರ ಗೃಹದಲ್ಲಿ, ದೇವಸ್ಥಾನದ ಸಾಲಿನಲ್ಲಿ, ಮಳೆ ನಿಲ್ಲಲೆಂದು ಹತ್ತಾರು ಜನ ಒತ್ತಿಕೊಂಡು ನಿಂತ ಗೂಡಂಗಡಿಯ ತಗಡಿನಡಿಯಲ್ಲಿ ಇರುತ್ತಾನೆ. ಬರುವ ದಾರಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಬೆಂಗಳೂರಿನಿಂದ ಇಲ್ಲಿಗೆ ಇಡೀ ರಾತ್ರಿಯ ಪ್ರಯಾಣ. ಸ್ಲೀಪರ್ ಬಸ್ಸಿನಲ್ಲಿ ಎಸಿಯ ಗಾಳಿಯೇ ಸುತ್ತುತ್ತಿರುತ್ತದೆ, ಎಸಿ ಇಲ್ಲದಿದ್ದರೆ ಮಳೆಗೆ ಹೆದರಿ ಗಾಜು ಮುಚ್ಚಿರುತ್ತಾರೆ, ಮಲಗಿದವರು ಮಾಸ್ಕ್ ಧರಿಸಿರುವುದು ಅಪರೂಪ. ಬಯಲು ಗಾಳಿಯ ವಾದ ಬೇಸಿಗೆಗೆ ಸಲ್ಲುತ್ತದೆ, ಮಳೆಗಾಲಕ್ಕೆ ಸಲ್ಲುವುದಿಲ್ಲ. ಜುಲೈನಲ್ಲಿ ಮಸ್ಸೂರಿ, ಮನಾಲಿಗಳಲ್ಲಿ ನೆರೆದ ಜನಜಂಗುಳಿಯ ಚಿತ್ರಗಳನ್ನು ದೇಶವೇ ನೋಡಿತು. ಮಾಸ್ಕ್ ಇಲ್ಲದೆ ಗಿರಿಧಾಮಗಳಲ್ಲಿ ಜನ ಸೇರುತ್ತಿರುವುದು ಕಳವಳದ ವಿಷಯ ಎಂದು ಪ್ರಧಾನಿಯವರೇ ಹೇಳಬೇಕಾಯಿತು. ಅಂಥ ಚಿತ್ರ ನಮ್ಮ ಕರಾವಳಿಯಿಂದ ಬರಬಾರದು.

ಆದರೂ ಇದಕ್ಕಿಂತ ಮುಖ್ಯವೆಂದು ನಾನು ಭಾವಿಸುವ ವಿಷಯ ಬೇರೆಯಿದೆ. ಪ್ರವಾಸ ಹೊರಡುವವರು ಸಾಮಾನ್ಯವಾಗಿ ಕೇಳಿಕೊಳ್ಳುವುದು "ನನಗೆ ಎಷ್ಟು ಅಪಾಯ?" ಎಂದು. ವಯಸ್ಸು ಚಿಕ್ಕದು, ಲಸಿಕೆ ಆಗಿದೆ, ಒಂದು ವೇಳೆ ಜ್ವರ ಬಂದರೂ ಬೆಂಗಳೂರಿನಲ್ಲಿ ಆಸ್ಪತ್ರೆಗಳಿವೆ ಎಂಬ ಧೈರ್ಯ ಅವರಿಗಿರುತ್ತದೆ. ಅವರು ಬಂದಿಳಿಯುವ ಊರಿನ ಸ್ಥಿತಿ ಹಾಗಿಲ್ಲ. ಉತ್ತರ ಕನ್ನಡ 12 ತಾಲ್ಲೂಕುಗಳ, ಹತ್ತು ಸಾವಿರ ಚದರ ಕಿಲೋಮೀಟರಿಗೂ ಮೀರಿದ ವಿಸ್ತಾರದ, ಬಹುಪಾಲು ಕಾಡೇ ಆಗಿರುವ ಜಿಲ್ಲೆ. ಕಾರವಾರದಲ್ಲಿ ವೈದ್ಯಕೀಯ ಕಾಲೇಜು ಬಂದಿದೆ, ಅಲ್ಲಿನ ಸಿಬ್ಬಂದಿ ಈ ಒಂದೂವರೆ ವರ್ಷ ಮಾಡಿದ ಕೆಲಸಕ್ಕೆ ನಾವು ಋಣಿಗಳಾಗಿದ್ದೇವೆ. ಆದರೆ ಜಿಲ್ಲೆಗೆ ಇನ್ನೂ ಒಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಯಿಲ್ಲ. 2019ರಲ್ಲಿ ಜಿಲ್ಲೆಯ ಯುವಜನರು ಸುಸಜ್ಜಿತ ತುರ್ತು ಚಿಕಿತ್ಸಾ ಆಸ್ಪತ್ರೆಗಾಗಿ ಸಾಮಾಜಿಕ ಜಾಲತಾಣಗಳಲ್ಲಿ ದೊಡ್ಡ ಅಭಿಯಾನವನ್ನೇ ನಡೆಸಿದ್ದು ಓದುಗರಿಗೆ ನೆನಪಿರಬಹುದು. ಇಂದಿಗೂ ಕುಮಟಾದಲ್ಲಿ ಒಬ್ಬರ ಸ್ಥಿತಿ ಗಂಭೀರವಾದರೆ ನೂರು ಕಿಲೋಮೀಟರಿಗೂ ಆಚೆಯ ಮಣಿಪಾಲಕ್ಕೋ, ಘಟ್ಟ ಹತ್ತಿ ಹುಬ್ಬಳ್ಳಿಗೋ ಆಂಬುಲೆನ್ಸ್ ಓಡಬೇಕು. ಕಾರವಾರದವರು ಗಡಿ ದಾಟಿ ಗೋವಾದ ಬಾಂಬೋಳಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಯನ್ನು ನೋಡಬೇಕು. 2020ರ ಮಾರ್ಚಿನಲ್ಲಿ ಭಟ್ಕಳದ ಮೊದಲ ಸೋಂಕಿತರಿಗೆ ಚಿಕಿತ್ಸೆ ನೀಡಲು ಕಾರವಾರದ ನೌಕಾನೆಲೆಯ ಪತಂಜಲಿ ಆಸ್ಪತ್ರೆ ನೆರವಿಗೆ ಬಂದದ್ದನ್ನು ನಾವು ಮರೆತಿಲ್ಲ. ಸೇನೆಯ ಆಸ್ಪತ್ರೆ ನೆರವಿಗೆ ಬರಬೇಕಾಗುವಷ್ಟು ತೆಳುವಾದ ವ್ಯವಸ್ಥೆ ನಮ್ಮದು ಎಂಬುದನ್ನೂ ಅದೇ ಘಟನೆ ತೋರಿಸಿಕೊಟ್ಟಿತು.

ಇದರ ಮೇಲೆ ಜುಲೈ 22 ಮತ್ತು 23ರ ಮಳೆ. ಗಂಗಾವಳಿ ನದಿ ಉಕ್ಕಿ ಅಂಕೋಲಾದ ಹಳ್ಳಿಗಳಿಗೆ ನುಗ್ಗಿತು, ಗುಳ್ಳಾಪುರದ ಸೇತುವೆ ಕೊಚ್ಚಿಹೋಯಿತು, ಯಲ್ಲಾಪುರದ ಕಳಚೆಯಲ್ಲಿ ಗುಡ್ಡವೇ ಕುಸಿದು ತೋಟ ಮನೆಗಳನ್ನು ನುಂಗಿತು. ಕಾಳಜಿ ಕೇಂದ್ರಗಳಿಗೆ ಹೋಗಿದ್ದವರು ಕೆಸರು ತುಂಬಿದ ಮನೆಗಳಿಗೆ ಈಗಷ್ಟೇ ಮರಳಿದ್ದಾರೆ. ಕೋವಿಡ್ ಪರೀಕ್ಷೆ, ಲಸಿಕೆ, ನೆರೆ ಪರಿಹಾರದ ಸಮೀಕ್ಷೆ ಎಲ್ಲವೂ ಅದೇ ಆಶಾ ಕಾರ್ಯಕರ್ತೆಯರ, ಅದೇ ಗ್ರಾಮ ಪಂಚಾಯಿತಿ ಮತ್ತು ಕಂದಾಯ ಸಿಬ್ಬಂದಿಯ ಹೆಗಲ ಮೇಲಿದೆ.

ಇನ್ನು ಸೋಂಕು ಯಾರಿಗೆ ತಗಲುತ್ತದೆ ಎಂಬುದನ್ನು ಗಮನಿಸಬೇಕು. ಶುಕ್ರವಾರ ಬಂದು ಭಾನುವಾರ ಹೊರಡುವ ಪ್ರವಾಸಿ ಸೋಂಕನ್ನು ಹೊತ್ತು ತಂದಿದ್ದರೂ, ರೋಗಲಕ್ಷಣ ಕಾಣಿಸುವ ಮೊದಲೇ ಹರಡಬಲ್ಲ ಕಾಯಿಲೆಯಾದ್ದರಿಂದ, ಅವನಿಗೆ ಅದು ತಿಳಿದೇ ಇರುವುದಿಲ್ಲ. ಅವನ ಕೋಣೆಯನ್ನು ಗುಡಿಸಿದ ಹೆಂಗಸಿಗೆ, ಅಡುಗೆ ಬಡಿಸಿದ ಹುಡುಗನಿಗೆ, ಆಟೊ ಚಾಲಕನಿಗೆ, ಗೋಕರ್ಣದ ಬೀದಿಯಲ್ಲಿ ಹೂವು ತರಕಾರಿ ಇಟ್ಟು ಕೂರುವ ಹಾಲಕ್ಕಿ ಸಮುದಾಯದ ಅಜ್ಜಿಗೆ ಜ್ವರ ಬರುವುದು ವಾರದ ಮೇಲೆ. ಆಗ ಪ್ರವಾಸಿ ತನ್ನ ಊರಿನಲ್ಲಿರುತ್ತಾನೆ. ಅವರಿಬ್ಬರ ನಡುವಿನ ಸಂಬಂಧ ಯಾವ ದಾಖಲೆಯಲ್ಲೂ ಸೇರುವುದಿಲ್ಲ. "ನಾವು ಹೋಗಿ ಬಂದೆವು, ಏನೂ ಆಗಲಿಲ್ಲ" ಎಂದು ಹೇಳುವವರು ಸುಳ್ಳು ಹೇಳುತ್ತಿಲ್ಲ, ಆದರೆ ಅವರಿಗೆ ಗೊತ್ತಿರುವುದು ಅರ್ಧ ಮಾತ್ರ.

ದಸರೆಯವರೆಗೆ ಎಂಬ ಗಡುವನ್ನು ನಾನು ಸುಮ್ಮನೆ ಹೇಳುತ್ತಿಲ್ಲ. 18 ವರ್ಷ ಮೇಲ್ಪಟ್ಟ ಎಲ್ಲರಿಗೂ ಕೇಂದ್ರದಿಂದ ಉಚಿತ ಲಸಿಕೆ ಪೂರೈಕೆ ಆರಂಭವಾದದ್ದು ಜೂನ್ 21ರಂದು. ಕೋವಿಶೀಲ್ಡ್‌ನ ಎರಡು ಡೋಸ್‌ಗಳ ನಡುವೆ 12ರಿಂದ 16 ವಾರಗಳ ಅಂತರ ಇರಬೇಕು. ಹೋಟೆಲು, ಹೋಂಸ್ಟೇಗಳಲ್ಲಿ ದುಡಿಯುವ ಹುಡುಗ ಹುಡುಗಿಯರಲ್ಲಿ ಹೆಚ್ಚಿನವರು ಈ ವಯಸ್ಸಿನವರು. ಜೂನ್ ಕೊನೆಯಲ್ಲಿ ಮೊದಲ ಡೋಸ್ ಪಡೆದವರಿಗೂ ಎರಡನೆಯದು ಸಿಗುವುದು ಸೆಪ್ಟೆಂಬರ್ ಮಧ್ಯದ ನಂತರ, ಅದು ದೇಹದಲ್ಲಿ ಪೂರ್ತಿ ಫಲ ಕೊಡಲು ಮತ್ತೆರಡು ವಾರ. ಈ ವರ್ಷ ವಿಜಯದಶಮಿ ಅಕ್ಟೋಬರ್ 15ಕ್ಕೆ. ಅಷ್ಟರ ಹೊತ್ತಿಗೆ ಮಳೆ ಹಿಂದೆ ಸರಿದಿರುತ್ತದೆ, ಕಡಲು ಇಳಿದಿರುತ್ತದೆ, ನಿಮಗೆ ಚಹಾ ತಂದುಕೊಡುವವರಲ್ಲಿ ಅನೇಕರಿಗೆ ಎರಡೂ ಡೋಸ್ ಆಗಿರುತ್ತದೆ. ದೇಶದಲ್ಲಿ ಮೂರನೇ ಎರಡರಷ್ಟು ಜನರಲ್ಲಿ ಸೋಂಕನ್ನು ಎದುರಿಸುವ ಪ್ರತಿಕಾಯ ಕಂಡುಬಂದಿದೆ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಜುಲೈನಲ್ಲಿ ಪ್ರಕಟಿಸಿದ ಸಮೀಕ್ಷೆಯನ್ನು ತೋರಿಸಿ ಕೆಲವರು ಧೈರ್ಯ ಹೇಳುತ್ತಾರೆ. ಅದೇ ಸಮೀಕ್ಷೆಯ ಪ್ರಕಾರ ಇನ್ನೂ 40 ಕೋಟಿ ಜನರಿಗೆ ಸೋಂಕಿನ ಅಪಾಯವಿದೆ. ಮಕ್ಕಳಿಗೆ ಲಸಿಕೆ ಇನ್ನೂ ಆರಂಭವೇ ಆಗಿಲ್ಲ.

ಇಲ್ಲಿ ನನ್ನ ಮಾತಿಗೆ ಎದುರಾಗುವ ಬಲವಾದ ಆಕ್ಷೇಪ ನಮ್ಮೂರಿನವರದ್ದೇ. 2020ರ ಬೇಸಿಗೆ ಹೋಯಿತು, 2021ರ ಬೇಸಿಗೆಯೂ ಹೋಯಿತು, ಈಗ ಬರುವವರನ್ನೂ ಬೇಡವೆಂದರೆ ನಾವು ಉಣ್ಣುವುದೇನು ಎಂದು ಹೋಂಸ್ಟೇ ನಡೆಸುವವರು, ದೋಣಿ ಬಿಡುವವರು ಕೇಳುತ್ತಾರೆ. ಸಾಲ ಮಾಡಿ ನಾಲ್ಕು ಕೋಣೆ ಕಟ್ಟಿಸಿದವರ ಬ್ಯಾಂಕ್ ಕಂತು ಯಾವ ಅಲೆಗೂ ನಿಲ್ಲುವುದಿಲ್ಲ. ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಘೋಷಿಸಿದ ನೆರವಿನಲ್ಲಿ ಆಟೊ, ಟ್ಯಾಕ್ಸಿ ಚಾಲಕರಿಗೆ 3,000 ರೂಪಾಯಿ, ಬೀದಿಬದಿ ವ್ಯಾಪಾರಿಗಳಿಗೆ 2,000 ರೂಪಾಯಿ ಎಂದಿತ್ತು. ಅದರಲ್ಲಿ ಒಂದು ಸಂಸಾರ ಎಷ್ಟು ದಿನ ನಡೆದೀತು? ಈ ಕಷ್ಟವನ್ನು ನಾನು ಸಣ್ಣದು ಮಾಡಲಾರೆ. ಆದರೆ ಈ ಕಡಲಿನ ನಿಜವಾದ ಸುಗ್ಗಿ ಅಕ್ಟೋಬರಿನಿಂದ ಮೇವರೆಗೆ. ಆಗಸ್ಟಿನ ಎರಡು ವಾರಾಂತ್ಯಗಳ ಸಂಪಾದನೆಗಾಗಿ ಸೆಪ್ಟೆಂಬರಿನಲ್ಲಿ ಸೋಂಕು ಏರಿ, ಮತ್ತೆ ನಿರ್ಬಂಧ ಬಂದು, ಎಂಟು ತಿಂಗಳ ಸುಗ್ಗಿಯೇ ಕೈತಪ್ಪಿದರೆ ಇವರೇ ಮೊದಲು ಬೀಳುವವರು. ಈ ಭಯಕ್ಕೆ ಕಾರಣವಿದೆ. ನೆರೆಯ ಕೇರಳದಲ್ಲಿ ಈಗಲೂ ದಿನಕ್ಕೆ 20,000ದ ಆಸುಪಾಸಿನಲ್ಲಿ ಪ್ರಕರಣಗಳು ಬರುತ್ತಿವೆ, ದಕ್ಷಿಣ ಕನ್ನಡ ಸೇರಿ ಗಡಿಯ ಎಂಟು ಜಿಲ್ಲೆಗಳಲ್ಲಿ ವಾರಾಂತ್ಯ ಕರ್ಫ್ಯೂ ಆಗಲೇ ಜಾರಿಯಾಗಿದೆ. ಮಂಗಳೂರು ಬಳಿಯ ಪಣಂಬೂರು, ಸೋಮೇಶ್ವರದ ಕಡಲ ತೀರಗಳಿಗೆ ಹೋಗಲಾಗದವರು ಮಲ್ಪೆಗೆ, ಮುರ್ಡೇಶ್ವರಕ್ಕೆ ತಿರುಗುವ ಸಾಧ್ಯತೆಯನ್ನು ಉಡುಪಿ ಮತ್ತು ಉತ್ತರ ಕನ್ನಡ ಜಿಲ್ಲಾಡಳಿತಗಳು ಈಗಲೇ ಯೋಚಿಸಬೇಕು.

ಪ್ರವಾಸವನ್ನು ಮುಂದೂಡುವವರು ಈ ಜನರಿಗೆ ನೆರವಾಗಬಹುದಾದ ಒಂದು ದಾರಿಯಿದೆ. ಕಾಯ್ದಿರಿಸಿದ್ದನ್ನು ರದ್ದುಮಾಡಿ ಹಣ ಹಿಂದಕ್ಕೆ ಕೇಳುವ ಬದಲು, ಅದೇ ಹಣವನ್ನು ಅಕ್ಟೋಬರ್ ಅಥವಾ ನವೆಂಬರಿನ ಮುಂಗಡವೆಂದು ಇಟ್ಟುಕೊಳ್ಳಲು ಹೇಳಿ. ಎರಡು ಮೂರು ಸಾವಿರ ರೂಪಾಯಿಯ ಮುಂಗಡ ಈ ಮಳೆಗಾಲದಲ್ಲಿ ಒಂದು ಮನೆಯ ವಿದ್ಯುತ್ ಬಿಲ್ಲನ್ನೋ ಒಬ್ಬ ಕೆಲಸಗಾರನ ಸಂಬಳವನ್ನೋ ತೀರಿಸುತ್ತದೆ. ಬರುವಾಗಲೂ ವಾರಾಂತ್ಯ ಬಿಟ್ಟು ವಾರದ ನಡುವೆ ಬಂದು, ಮೂರು ಊರು ಸುತ್ತುವ ಬದಲು ಒಂದೇ ಕಡೆ ನಾಲ್ಕೈದು ದಿನ ನಿಂತರೆ ಜಂಗುಳಿಯೂ ತಪ್ಪುತ್ತದೆ, ಊರಿಗೆ ಆದಾಯವೂ ಹೆಚ್ಚು.

ಚೌತಿಗೆ ಹುಟ್ಟೂರಿಗೆ ಬರಲೇಬೇಕಾದವರ ಮಾತು ಬೇರೆ. ಮುಪ್ಪಿನ ತಂದೆತಾಯಿಗಳು ಎರಡು ವರ್ಷದಿಂದ ಮಕ್ಕಳ ಮುಖ ನೋಡದ ಮನೆಗಳು ಇಲ್ಲಿ ಎಷ್ಟೋ ಇವೆ, ಅವರಿಗೆ ಬರಬೇಡಿ ಎನ್ನಲು ನನಗೆ ಬಾಯಿ ಬರುವುದಿಲ್ಲ. ಎರಡೂ ಡೋಸ್ ಆಗಿದ್ದರೆ, ಹೊರಡುವ ಮುನ್ನ ಪರೀಕ್ಷೆ ಮಾಡಿಸಿಕೊಂಡು, ಸಾಧ್ಯವಾದರೆ ಸ್ವಂತ ವಾಹನದಲ್ಲಿ ಬಂದು, ಮನೆಯ ಹಿರಿಯರೊಂದಿಗೆ ಮೊದಲ ಕೆಲವು ದಿನ ಜಗುಲಿಯಲ್ಲೇ ಕುಳಿತು ಮಾತನಾಡಿದರೆ ಒಳಿತು. ಸಣ್ಣ ಗಂಟಲು ನೋವು ಕಂಡರೂ ಪ್ರಯಾಣ ಬಿಡಬೇಕು.

ಕೊನೆಗೆ ತಮ್ಮ ಪತ್ರಿಕೆಯಲ್ಲಿ ಒಂದು ವಿನಂತಿ. ಜಿಲ್ಲಾವಾರು ಹೊಸ ಪ್ರಕರಣ ಮತ್ತು ಸಾವಿನ ಸಂಖ್ಯೆಯನ್ನು ಪತ್ರಿಕೆಗಳು ಪ್ರತಿದಿನ ಪ್ರಕಟಿಸುತ್ತಿವೆ. ಅದರ ಪಕ್ಕದಲ್ಲೇ, ಕನಿಷ್ಠ ಗುರುವಾರದ ಸಂಚಿಕೆಯಲ್ಲಿ, ಕರಾವಳಿಯ ಪ್ರತಿ ತಾಲ್ಲೂಕಿನ ಸರ್ಕಾರಿ ಆಸ್ಪತ್ರೆಯಲ್ಲಿ ಆಮ್ಲಜನಕವಿರುವ ಎಷ್ಟು ಹಾಸಿಗೆಗಳು, ಎಷ್ಟು ಐಸಿಯು ಹಾಸಿಗೆಗಳು ಖಾಲಿ ಇವೆ ಎಂಬುದನ್ನು ಜಿಲ್ಲಾಡಳಿತದಿಂದ ಪಡೆದು ಪ್ರಕಟಿಸಿದರೆ, ಶುಕ್ರವಾರ ರಾತ್ರಿ ಬಸ್ಸು ಹತ್ತಬೇಕೆಂದಿರುವವರು ಟಿಕೆಟ್ ತೆಗೆಯುವ ಮೊದಲು ಅದನ್ನು ನೋಡಿ ನಿರ್ಧರಿಸಬಹುದು.

ಇಂತು ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಶಿಕ್ಷಕ, ಕುಮಟಾ
ಆಗಸ್ಟ್ 2021