ಜಾಮ್ ಮಾಡಿದ್ದು ಮಿಲಿಟರಿ ಲಾರಿಗಳಲ್ಲ

ಮಾನ್ಯ ಸಂಪಾದಕರೇ,

ದೊಮ್ಮಲೂರಿನಲ್ಲಿ ಮಂಗಳವಾರ ಮಿಲಿಟರಿ ಲಾರಿಗಳಿಂದ ಜಾಮ್ ಆಯಿತು ಎಂಬ ನಿಮ್ಮ ವರದಿ ಓದಿ ತಡೆಯಲಾಗದೆ ಬರೆಯುತ್ತಿದ್ದೇನೆ. ಆ ಜಾಮ್‌ನಲ್ಲಿ ನಾನೂ ಇದ್ದೆ. ಪೂರಾ ಎರಡು ಗಂಟೆ. ಮನೆಯವಳ ಬಿಪಿ ಮಾತ್ರೆ ನನ್ನ ಜೇಬಿನಲ್ಲೇ ಉಳಿಯಿತು. ಮೊಮ್ಮಗಳು ಸ್ಕೂಲ್ ಗೇಟಿನ ಹತ್ತಿರ ವಾಚ್‌ಮನ್ ಪಕ್ಕ ಅಳುತ್ತಾ ಕೂತಿದ್ದಳು.

ಆದರೆ ತಪ್ಪು ಲಾರಿಗಳದ್ದಲ್ಲ. ರಸ್ತೆ ಅಗೆದು ಹಾಗೇ ಬಿಟ್ಟವರದ್ದು. ಟಾರ್ಪಾಲ್ ಹೊದಿಸಿದ, ಚಕ್ರದ ಬದಲು ಚೈನ್ ಮೇಲೆ ಓಡುವ ಗಾಡಿ ಹೊತ್ತ ಟ್ರೇಲರ್‌ಗೆ ತಿರುಗಲು ಜಾಗವೇ ಇರಲಿಲ್ಲ. ಒಬ್ಬ ಜವಾನ ಬಿದಿರು ಕೋಲಿನಿಂದ ಜೋತುಬಿದ್ದ ಕೇಬಲ್ ಎತ್ತಿ ಹಿಡಿದಿದ್ದ. ಇನ್ನೊಬ್ಬ ಗುಂಡಿಯ ಅಂಚನ್ನು ಬೂಟಿನಿಂದ ತುಳಿದು ತುಳಿದು ನೋಡುತ್ತಿದ್ದ. ಮಣ್ಣು ಕುಸಿಯುತ್ತಿತ್ತು.

ಎಎಸ್‌ಸಿಯಲ್ಲಿ, ಅಂದರೆ ಸೇನೆಗೆ ರೇಷನ್, ಡೀಸೆಲ್ ತಲುಪಿಸುವ ವಿಭಾಗದಲ್ಲಿ, 17 ವರ್ಷ ಗಾಡಿ ಓಡಿಸಿದವನು ನಾನು. ಕಾಲಾಳು ಪಡೆ ಎರಡು ಮೂರು ದಿನದ ರೇಷನ್ ಬೆನ್ನಿಗೆ ಕಟ್ಟಿಕೊಂಡು ನಡೆದುಬಿಡುತ್ತದೆ. ಟ್ಯಾಂಕ್ ಹಾಗಲ್ಲ. 46 ಟನ್ ತೂಗುವ ಟಿ-90 ಸುಮಾರು 1,200 ಲೀಟರ್ ಡೀಸೆಲ್ ಹಿಡಿಯುತ್ತದೆ. ಅದರ ಹಿಂದೆ ಡೀಸೆಲ್ ಟ್ಯಾಂಕರ್, ಮದ್ದುಗುಂಡಿನ ಲಾರಿ, ರಿಪೇರಿ ಗಾಡಿ, ಕೆಟ್ಟು ನಿಂತರೆ ಎಳೆದು ತರುವ ಗಾಡಿ ಎಲ್ಲಾ ಹೋಗಲೇಬೇಕು. ಎರಡೂ ಪಡೆ ಒಟ್ಟಿಗೆ ಹೊರಟರೆ ಎರಡರ ಹೊಟ್ಟೆಯನ್ನೂ ಅದೇ ದಾರಿಯಲ್ಲಿ ತುಂಬಿಸಬೇಕು. ದಾರಿಯೇ ಮುಖ್ಯ. 41 ಟನ್ನಿನ ಟಿ-72 ದಾಟುವ ಸೇತುವೆಯನ್ನು 58 ಟನ್ ಮೀರುವ ಅರ್ಜುನ್ ಟ್ಯಾಂಕ್ ದಾಟಲು ಆಗದಿರಬಹುದು.

2020ರಲ್ಲಿ ಲಡಾಖ್‌ನಲ್ಲಿ ಟ್ಯಾಂಕೂ ಕಾಲಾಳೂ ಇಡೀ ಚಳಿಗಾಲ ನಿಂತರು. ಲಡಾಖ್‌ಗೆ ಹೋಗುವ ಜೋಜಿಲಾ ಕಣಿವೆದಾರಿ ಹಿಮಕ್ಕೆ ಮುಚ್ಚುವ ಮೊದಲೇ ಡೀಸೆಲ್, ಸೀಮೆಎಣ್ಣೆ, ರೇಷನ್ ಎಲ್ಲಾ ಮೇಲೆ ಸೇರಿಸಬೇಕು. ಅಂಥ ಕೆಲಸ ಮಾಡುವ ಹುಡುಗರಿಗೆ ದೊಮ್ಮಲೂರು ದಾಟಲು ಆಗಲಿಲ್ಲ ಅಂದರೆ ಹೊಟ್ಟೆ ಉರಿಯುತ್ತದೆ.

ರಸ್ತೆ ಅಗೆಸಿ ಬಿಡುವ ಈ ಅಧಿಕಾರಿಗಳನ್ನು ನಾನು ಇವತ್ತೇ ಮೊದಲ ಸಲ ನೋಡುತ್ತಿಲ್ಲ. ಇಲ್ಲೇ ಪಕ್ಕದ ಈಜಿಪುರದಲ್ಲಿ 2017ರಲ್ಲಿ ಮೇಲ್ಸೇತುವೆ ಶುರು ಮಾಡಿ ವರ್ಷಗಟ್ಟಲೆ ಬರೀ ಕಂಬ ನಿಲ್ಲಿಸಿದ್ದರು. ನಮ್ಮ ಬೀದಿಯ ಮೋರಿ ಚಪ್ಪಡಿ ಮುರಿದಿದೆ ಅಂತ ಮೂರು ಸಲ ಅರ್ಜಿ ಕೊಟ್ಟೆ. ಮೂರು ಸಲವೂ ಸಾಹೇಬರು ಮೀಟಿಂಗ್‌ನಲ್ಲಿದ್ದಾರೆ ಅಂದರು. ನಾಲ್ಕನೇ ಸಲ ಹೋದಾಗ ಸಾಹೇಬರಿಗೇ ವರ್ಗಾವಣೆ ಆಗಿತ್ತು.

ಭಾರಿ ಗಾಡಿ ಬರುವ ದಿನ ಯಾವ ರಸ್ತೆ ಅಗೆದಿದೆ ಅಂತ ಮೊದಲೇ ತಿಳಿಸಿ. ಅಗೆದದ್ದನ್ನು ಮುಚ್ಚಿ. ಆ ಚಪ್ಪಡಿಯನ್ನೂ ಹಾಕಿ. ಸಂಬಳ ಎಣಿಸಿಕೊಳ್ಳುವಾಗಲಾದರೂ ನಾಚಿಕೆ ಆಗಬೇಡವೇ ಇವರಿಗೆ?

– ನಿವೃತ್ತ ಹವಾಲ್ದಾರ, ದೊಮ್ಮಲೂರು, ಬೆಂಗಳೂರು